ದಿನಸಿ ಬಿಲ್ ಎಲ್ಲಿ ಇಳಿಸಬಹುದು
ಬೆಂಗಳೂರಲ್ಲಿ ನಾಲ್ಕು ಜನರ ಮನೆಗೆ ದಿನಸಿ ಬಿಲ್ ಎಲ್ಲಿ ಇಳಿಸೋದು ಅಂತ ಕೇಳಿದ್ದೀರಿ. ಮೊದಲು ಅಕ್ಕಿ, ಬೇಳೆ ನೋಡಿ. 25 ಕೆಜಿವರೆಗಿನ ಲೇಬಲ್ ಇರೋ ಪ್ಯಾಕೆಟ್‌ಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ, ಅಂಗಡಿಯಲ್ಲಿ ಬಿಡಿಯಾಗಿ ತೂಗಿಸಿಕೊಂಡರೆ ಇಲ್ಲ, ಮೂಟೆಗಳು 26 ಕೆಜಿಯಲ್ಲಿ ಬರೋದೂ ಇದಕ್ಕೇ. ನಿಮ್ಮ ಮನೆಗೆ ಅಂಥದ್ದೊಂದು ಸೋನಾ ಮಸೂರಿ ಮೂಟೆ ಸರಿಯಾಗುತ್ತೆ, ಹುಳ ಬೀಳದ ಹಾಗೆ ಒಣಗಿದ ಡಬ್ಬದಲ್ಲಿ ತುಂಬಿಡಿ. ಬೇಳೆ ಮಾತ್ರ ತಿಂಗಳಿಗೆ ಬೇಕಾದಷ್ಟೇ ತನ್ನಿ.

ಎಣ್ಣೆ ಕೊಳ್ಳುವಾಗ ಪ್ಯಾಕೆಟ್ ಬೆಲೆ ನೋಡಿ ಮೋಸ ಹೋಗಬೇಡಿ! ಒಂದು ಲೀಟರ್ ಅಂದ್ರೆ ಸುಮಾರು 910 ಗ್ರಾಂ, ಆದರೆ ಪಕ್ಕದಲ್ಲೇ ಅದೇ ಗಾತ್ರದ ಹಾಗೆ ಕಾಣೋ 750 ಗ್ರಾಂದು ಇರುತ್ತೆ. ಎಂಆರ್‌ಪಿ ಹತ್ತಿರ ಗ್ರಾಂಗೆ ಎಷ್ಟು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ವಾ, ಅದನ್ನೇ ಹೋಲಿಸಿ. ತರಕಾರಿಗೆ ಹಾಪ್‌ಕಾಮ್ಸ್ (ತೋಟದ ಬೆಳೆಗಾರರ ಸಹಕಾರ ಸಂಘ) ದಿನದ ದರ ನೋಡಿಕೊಂಡು ಸಂತೆಗೆ ಹೋಗಿ, ಚೌಕಾಸಿ ಮಾಡೋಕೆ ಧೈರ್ಯ ಬರುತ್ತೆ.