ಕೈಗಾ ಪಕ್ಕದ ಬದುಕು ಹೇಗೆ ಎಂದು ಕೇಳಿದವರಿಗೆ

ಕೈಗಾ ಅಣು ಸ್ಥಾವರದ ಪಕ್ಕದಲ್ಲಿರಲು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಗೋವಾಕ್ಕೆ ತಾಗಿಕೊಂಡ ನಮ್ಮ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ, ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಮೊದಲೆರಡು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ನಮ್ಮ ಮನೆ ಇರುವುದು ಅದರ ಸುತ್ತಲಿನ 16 ಕಿಲೋಮೀಟರ್ ತುರ್ತು ಯೋಜನಾ ವಲಯದೊಳಗೆ.

ದಿನ ಬೆಳಗಾದರೆ ಹೆದರುವಂಥದ್ದೇನೂ ಇಲ್ಲ. ಮಣ್ಣು, ಕಲ್ಲು, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ವಿಕಿರಣ ತಾಗುತ್ತದೆ. ಸ್ಥಾವರದಿಂದ ಸಾರ್ವಜನಿಕರಿಗೆ ತಾಗಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ನನಗೆ ಚಿಂತೆ ತರುವುದು ಅರೆಬರೆ ತಿಳಿವಳಿಕೆ.

ಪಕ್ಕದ ಮನೆಯ ಅಣ್ಣ ಸ್ಥಾವರದೊಳಗೆ ಗುತ್ತಿಗೆ ಕೆಲಸ ಮಾಡುತ್ತಿದ್ದರು. ಒಳಗೆ ಹೋಗುವಾಗ ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕಿತ್ತು. ಅವರ ತಾಯಿ ಬಹಳ ಕಾಲ ಅದನ್ನು ತಾಯಿತದಂತೆ ಭಾವಿಸಿದ್ದರು, ಮಗನನ್ನು ಅದು ಕಾಯುತ್ತದೆ ಎಂದು. ಅದು ಕಾಯುವುದಿಲ್ಲ, ಎಷ್ಟು ತಾಗಿತೆಂಬ ಲೆಕ್ಕವನ್ನಷ್ಟೇ ಇಡುತ್ತದೆ. ರಿಯಾಕ್ಟರನ್ನು ತಂಪಾಗಿಡುವ ಭಾರಜಲದಲ್ಲಿ ಹುಟ್ಟುವ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಆ ಲೆಕ್ಕಕ್ಕೂ ಸಿಗುವುದಿಲ್ಲ. ಅದರ ಕಿರಣಕ್ಕೆ ಚರ್ಮ ದಾಟುವ ಶಕ್ತಿಯೂ ಇಲ್ಲ. ಉಸಿರು, ನೀರು ಮುಂತಾದವುಗಳಿಂದ ದೇಹದೊಳಗೆ ಹೋದಾಗಲೇ ಅಪಾಯ. ಅದಕ್ಕೇ ಭಾರಜಲದ ಬಳಿ ಕೆಲಸ ಮಾಡುವವರ ಮೂತ್ರ ಪರೀಕ್ಷೆ ನಡೆಯುತ್ತದೆ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹ ಹೊಕ್ಕಿದ್ದು ಬಯಲಾದದ್ದು ಈ ಪರೀಕ್ಷೆಯಿಂದಲೇ. ಒಂದು ಬಾಟಲಿ ಮೂತ್ರ ಕೊಡುವುದಕ್ಕೆ ಸಂಕೋಚಪಡುವ ಹುಡುಗರಿಗೆ ನಾನು ಇದನ್ನು ಪದೇ ಪದೇ ಹೇಳುತ್ತೇನೆ.

ಹೊರಗಿರುವ ನಮ್ಮ ಪಾಠ ಬೇರೆ. ಸ್ಥಾವರದಲ್ಲಿ ಅಪಘಾತವಾದ ಸೂಚನೆ ಬಂದರೆ ಮನೆಯೊಳಗೆ ಹೋಗಿ ಬಾಗಿಲು, ಕಿಟಕಿ ಮುಚ್ಚಬೇಕು. ಹೊರಗಿದ್ದವರು ಬಟ್ಟೆ ಕಳಚಿ ಚೀಲದಲ್ಲಿ ಕಟ್ಟಿಟ್ಟು ಸ್ನಾನ ಮಾಡಬೇಕು. ತೆರೆದ ಬಾವಿಯ ನೀರು, ಮೇಯಲು ಬಿಟ್ಟ ಹಸುವಿನ ಹಾಲು ಬೇಡ. ಹುಲ್ಲಿನ ಮೇಲೆ ಬಿದ್ದ ವಿಕಿರಣಶೀಲ ಅಯೋಡಿನ್ ಹಾಲಿಗೆ ಬರುತ್ತದೆ, ಮಕ್ಕಳ ಥೈರಾಯ್ಡ್ ಗ್ರಂಥಿ ಅದನ್ನು ಬೇಗ ಹೀರಿಕೊಳ್ಳುತ್ತದೆ. ಅಯೋಡಿನ್ ಮಾತ್ರೆ ಕಾಪಾಡುವುದು ಆ ಗ್ರಂಥಿಯೊಂದನ್ನೇ. ಹೇಳಿದಾಗ ಮಾತ್ರ ನುಂಗಬೇಕು, ಎಲ್ಲ ವಿಕಿರಣಕ್ಕೂ ಮದ್ದೆಂದು ನಂಬಬಾರದು.

ಗಡಿಯಾಚೆಯವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಇಲ್ಲಿ ಶಾಲೆ, ಕಚೇರಿಗಳಲ್ಲಿ ಕನ್ನಡ. ಬಹಳ ಮನೆಗಳೊಳಗೆ ಕೊಂಕಣಿ. ಗಾಬರಿಯ ಹೊತ್ತಿನಲ್ಲಿ ಅಜ್ಜಿಯಂದಿರ ಕಿವಿಗೆ ನಾಟುವುದು ಮನೆಮಾತು. ಹಾಗಾಗಿ ಈ ಸೂಚನೆಗಳನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೇನೆ. ಪಕ್ಕದ ಮನೆಯ ಆ ತಾಯಿಯೂ ಒಂದು ಪ್ರತಿ ಬರೆಸಿಕೊಂಡು ಹೋಗಿದ್ದಾರೆ.