ಗಂಗೋತ್ರಿ ದೊಡ್ಡದು, ಮಗಳು ಕಳೆದುಹೋಗುತ್ತಾಳಾ?

ಹುಣಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದಾಳೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ಆಸೆ. ಬೆಂಗಳೂರಿನ ಖಾಸಗಿ ಕಾಲೇಜಿಗೆ ಕಳಿಸುವಷ್ಟು ಶಕ್ತಿ ನನಗಿಲ್ಲ. ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿಸೋಣ ಅಂದರೆ, ಅದು ತುಂಬ ದೊಡ್ಡದು, ನಮ್ಮ ಕಡೆ ಹುಡುಗಿ ಅಲ್ಲಿ ಕಳೆದುಹೋಗುತ್ತಾಳೇನೋ ಅನ್ನೋ ಭಯ. ಏನು ಮಾಡಲಿ?"

ನಮಸ್ಕಾರ. ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಒಂದು ಸಣ್ಣ ಊರಿನಿಂದ ಬಂದು ಮಾನಸಗಂಗೋತ್ರಿಯಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ, ಎಂ.ಎ. ಓದಿದವನು. 700 ಎಕರೆಗೂ ಜಾಸ್ತಿ ಜಾಗ. ಮೊದಲ ವಾರ ನನ್ನ ವಿಭಾಗ ಎಲ್ಲಿದೆ ಅಂತ ದಿನಾ ಯಾರನ್ನಾದರೂ ಕೇಳುತ್ತಿದ್ದೆ. ಆಮೇಲೆ ಗೊತ್ತಾಯಿತು, ದಿನ ಕಳೆಯುವುದೆಲ್ಲ ವಿಭಾಗ, ಲೈಬ್ರರಿ, ಹಾಸ್ಟೆಲ್, ಈ ಮೂರರ ನಡುವೆಯೇ. ಅಷ್ಟು ದೊಡ್ಡ ಗಂಗೋತ್ರಿಯೊಳಗೆ ನಿಮ್ಮ ಮಗಳ ಮನೆ ಪ್ರಾಣಿಶಾಸ್ತ್ರ ವಿಭಾಗ. ಅದನ್ನು ನೋಡಿ ತೀರ್ಮಾನ ಮಾಡಿ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಈ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿಯವರೆಗೆ ನಮ್ಮ ಕಾಲೇಜುಗಳೆಲ್ಲ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ರಾಧಾಕೃಷ್ಣನ್ ಇಲ್ಲಿ ತತ್ವಶಾಸ್ತ್ರ ಪಾಠ ಮಾಡಿದ್ದಾರೆ. ಮಾನಸಗಂಗೋತ್ರಿ ಅನ್ನುವ ಹೆಸರು ಕುಲಪತಿಯಾಗಿದ್ದ ಕುವೆಂಪು ಅವರು ಕೊಟ್ಟದ್ದು. ಆಡಳಿತ ಕಚೇರಿ ಮಾತ್ರ ಕ್ರಾಫರ್ಡ್ ಹಾಲ್‌ನಲ್ಲಿದೆ. ಮೈಸೂರಿನಲ್ಲೇ ಇರುವ ಮುಕ್ತ ವಿಶ್ವವಿದ್ಯಾಲಯ ಬೇರೆ ಸಂಸ್ಥೆ, ಅರ್ಜಿ ಹಾಕುವಾಗ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಸಂಶೋಧನೆ ಅಂದರೆ ಏನು ಅಂತ ತುಂಬ ಜನ ಕೇಳುತ್ತಾರೆ. ಇಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡಿ. ಅದು ಶುರುವಾದದ್ದು 1891ರಲ್ಲಿ, ವಿಶ್ವವಿದ್ಯಾಲಯಕ್ಕಿಂತ ಹಳೆಯದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅಚ್ಚು ಮಾಡಿಸಿದರು. ಹೆಸರಷ್ಟೇ ಕೇಳಿದ್ದ ಗ್ರಂಥ ಹಾಗೆ ಲೋಕದ ಕೈಗೆ ಸಿಕ್ಕಿತು.

ಇನ್ನು ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ನನ್ನ ರೂಮ್‌ಮೇಟ್ ಪ್ರಾಣಿಶಾಸ್ತ್ರದವನು. ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋದ. ಒಳಗೆ ಕಾಲಿಟ್ಟರೆ ಬೆಲ್ಲದ ವಾಸನೆ! ಯಾರೋ ಸಜ್ಜಿಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಅದು ಹಣ್ಣಿನ ನೊಣಗಳ ಊಟ. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಅದನ್ನು ಗಟ್ಟಿ ಮಾಡುವ ಅಗರ್ ಪುಡಿ 10 ಗ್ರಾಂ ಹಾಕಿ ಕುದಿಸುತ್ತಾರೆ. ಬೂಷ್ಟು ಹಿಡಿಯದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್ ಸೇರಿಸುತ್ತಾರೆ. ಬಾಟಲಿಗೆ ಸುರಿದು ಆರಿಸಿ, ಬಾಯಿಗೆ ಹತ್ತಿ ತುರುಕುತ್ತಾರೆ. ಮೊಟ್ಟೆ ನೊಣವಾಗುವುದಕ್ಕೆ ಸುಮಾರು ಹತ್ತು ದಿನ ಸಾಕು. ಹಾಗಾಗಿ ಒಂದು ಗುಣ ಅಜ್ಜಿಯಿಂದ ಮೊಮ್ಮಗಳಿಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಒಂದೇ ತಿಂಗಳಲ್ಲಿ ಕಣ್ಣಾರೆ ನೋಡಬಹುದು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಬ್ರಷ್ ಹಿಡಿದು ಒಂದೊಂದೇ ನೊಣವನ್ನು ಅವನು ಬೇರೆ ಮಾಡುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಡ್ರೊಸೊಫಿಲಾ ಅನ್ನುವ ಈ ನೊಣದ ತಳಿಗಳನ್ನು ಕಾಪಾಡುವ ಕೇಂದ್ರವೇ ಇಲ್ಲಿದೆ. ತಳಿಶಾಸ್ತ್ರ ಇಷ್ಟವಿರುವ ಹುಡುಗಿಗೆ ಇದು ಸಣ್ಣ ಮಾತಲ್ಲ.

ಒಂದು ಕೊರತೆಯನ್ನೂ ಹೇಳಲೇಬೇಕು. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರ ಹುದ್ದೆಗಳು ಬಹಳ ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರು ಕಷ್ಟಪಟ್ಟು ಪಾಠ ಮಾಡುತ್ತಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದೆ ಪಿಎಚ್.ಡಿ. ಮಾಡುವ ಯೋಚನೆ ಇದ್ದರೆ ಮಾರ್ಗದರ್ಶಕರು ಬೇಕಲ್ವಾ? ಅದಕ್ಕೇ ವಿಭಾಗಕ್ಕೆ ಹೋದಾಗ ನೇರವಾಗಿ ಕೇಳಿ: ಕಾಯಂ ಮೇಷ್ಟ್ರು ಎಷ್ಟು ಜನ? ಯಾರ ಕೈಕೆಳಗೆ ಈಗ ಸಂಶೋಧನೆ ನಡೆಯುತ್ತಿದೆ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಮೂರನೇ ಪ್ರಶ್ನೆಯನ್ನು ಕಾರಿಡಾರಿನಲ್ಲಿ ಸಿಗುವ ಹುಡುಗಿಯರನ್ನು ಕೇಳಿದರೆ ಇನ್ನೂ ಒಳ್ಳೆಯದು.

ಖರ್ಚಿನ ಮಾತು. ಮೆರಿಟ್ ಸೀಟಿಗೂ ಪೇಮೆಂಟ್ ಸೀಟಿಗೂ ಫೀಸಿನಲ್ಲಿ ತುಂಬ ಅಂತರವಿದೆ. ಆದ್ದರಿಂದ ಈ ಕೊನೇ ಸೆಮಿಸ್ಟರಿನ ಒಂದೊಂದು ಅಂಕವೂ ದುಡ್ಡೇ ಅಂತ ಮಗಳಿಗೆ ಹೇಳಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಸ್ಕಾಲರ್‌ಶಿಪ್ಪಿಗೂ ಹಾಸ್ಟೆಲ್ಲಿಗೂ ಅವನ್ನೇ ಕೇಳುತ್ತಾರೆ, ಕೊನೇ ಗಳಿಗೆಯಲ್ಲಿ ನಾಡಕಚೇರಿಗೆ ಓಡಾಡುವುದು ತಪ್ಪುತ್ತದೆ. ಹಾಸ್ಟೆಲ್ ಸಿಗುವುದು ತಡವಾದರೂ ಎದೆಗುಂದಬೇಡಿ. ಹುಣಸೂರಿನಿಂದ ಮೈಸೂರು ಸುಮಾರು 45 ಕಿ.ಮೀ., ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ನಿಮ್ಮ ಹುಣಸೂರು ರಸ್ತೆ ಗಂಗೋತ್ರಿಯ ಪಕ್ಕದಲ್ಲೇ ಹಾದುಹೋಗುತ್ತದೆ.

ಅರ್ಜಿ ಕರೆಯುವ ಮುಂಚೆಯೇ ಒಂದು ಸಲ ಇಬ್ಬರೂ ಬಂದುಹೋಗಿ. ಭಾನುವಾರ ಬೇಡ, ತರಗತಿ ನಡೆಯುವ ದಿನ ಬನ್ನಿ. ವಿಭಾಗದ ಬಾಗಿಲವರೆಗೂ ನೀವು ಜೊತೆಗಿರಿ. ಒಳಗೆ ಅವಳೇ ಹೋಗಿ ಮಾತಾಡಲಿ, ನೀವು ಹೊರಗೆ ಮರದ ನೆರಳಲ್ಲಿ ಕೂತಿರಿ. ಹೊರಗೆ ಬಂದಾಗ ಅವಳ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

— ಸಂಪಾದಕ