ಗೋಡೆಗೆ ಅಂಟಿಸಿದ ವಾಗ್ದಾನ

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಿಂದ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ ಬರೆದಿರುವ ಪತ್ರದ ಸಾರ ಹೀಗಿದೆ. ಹೊಸ ವರ್ಷದ ಮಧ್ಯರಾತ್ರಿಯ ಆರಾಧನೆಯಲ್ಲಿ ಅವಳ ಕೈಗೆ ಬಂದ, ಬೈಬಲಿನ ವಾಕ್ಯವೊಂದನ್ನು ಅಚ್ಚು ಹಾಕಿದ ವಾಗ್ದಾನದ ಕಾರ್ಡಿನಲ್ಲಿ, ನೀನು ಬಾಲವಾಗುವುದಿಲ್ಲ, ತಲೆಯಾಗುವೆ ಎಂಬ ವಾಕ್ಯವಿತ್ತು. ತಾಯಿ ಅದನ್ನು ಓದುವ ಮೇಜಿನ ಎದುರು ಗೋಡೆಗೆ ಅಂಟಿಸಿದ್ದಾರೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತು. ಪ್ರಾರ್ಥನೆ ಸಾಲದೆ ಹೀಗಾಯಿತು ಎಂದು ತಾಯಿ ಉಪವಾಸ ಹಿಡಿದಿದ್ದಾರೆ. ತಂದೆ, 2023ರಲ್ಲಿ ಟೊಮೆಟೊಗೆ ಬಂದ ಬೆಲೆ ಮತ್ತೆ ಬಂದೀತೆಂದು ಸಾಲ ಮಾಡಿ ಎರಡು ಎಕರೆ ಹಾಕಿದರು, ಮಗಳನ್ನು ನೀಟ್ ಕೋಚಿಂಗ್‌ಗೂ ಸೇರಿಸಿದರು. ಬೆಲೆ ಬರಲಿಲ್ಲ. ಈಗ ಅವರು ಮನೆಯಲ್ಲಿ ಮಾತೇ ಆಡುವುದಿಲ್ಲ. “ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೊಣಕಾಲೂರಿದರೆ ಪ್ರಾರ್ಥನೆಯ ಬದಲು ಸೂತ್ರಗಳು ಬರುತ್ತವೆ. ನನಗೆ ನಂಬಿಕೆ ಕಡಿಮೆಯೇ? ಒಮ್ಮೊಮ್ಮೆ ಮಲಗಿದವಳು ಏಳದಿದ್ದರೆ ಒಳ್ಳೆಯದು ಎನಿಸುತ್ತದೆ” ಎಂದು ಪತ್ರ ಮುಗಿಯುತ್ತದೆ.

ಸಂಪಾದಕರ ಉತ್ತರ:

ಮಗಳೇ, ನಿನ್ನ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಅದನ್ನು ನೀನು ಪತ್ರದ ತುದಿಗೆ, ಹೋಗುವ ಮುನ್ನ ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಬರೆದಿದ್ದೀಯ. ಅಂಥ ಯೋಚನೆ ಬಂದದ್ದು ಪಾಪವಲ್ಲ, ಆದರೆ ಅದನ್ನು ಒಬ್ಬಳೇ ಹೊತ್ತು ತಿರುಗುವಂಥದ್ದೂ ಅಲ್ಲ. 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಮೂರಕ್ಕೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಈ ಪುಟವನ್ನು ಓದಿ ಮುಗಿಸುವ ಮೊದಲೇ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೋ. ನಿನಗೆ ಹತ್ತಿರವಾದ ಒಬ್ಬರಿಗೆ, ಅಕ್ಕನೋ ಉಪನ್ಯಾಸಕಿಯೋ ಯಾರಾದರೂ ಆಗಲಿ, ಆ ಸಾಲನ್ನು ಇದ್ದ ಹಾಗೇ ಹೇಳು. ಆ ಯೋಚನೆ ಮತ್ತೆ ಮತ್ತೆ ಬರುತ್ತಿದ್ದರೆ ಅವರನ್ನು ಕರೆದುಕೊಂಡು ಕೋಲಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣು. ಜ್ವರಕ್ಕೆ ಮಾತ್ರೆ ನುಂಗುವಾಗ ನಮ್ಮ ನಂಬಿಕೆ ಕಡಿಮೆಯಾಗುವುದಿಲ್ಲವಲ್ಲ.

ಚಿಂತೆಯೆಂದರೆ ಅವಿಶ್ವಾಸ ಎಂದು ಯಾರಾದರೂ ಹೇಳಿದರೆ, ಶಿಲುಬೆಗೇರುವ ಮುನ್ನ ಯೇಸು ಗೆತ್ಸೇಮನೆ ತೋಟದಲ್ಲಿ ಕಳೆದ ರಾತ್ರಿಯನ್ನು ಅವರಿಗೆ ನೆನಪಿಸು. ಆತನು ಅಲ್ಲಿ ಧೈರ್ಯದ ನಟನೆ ಮಾಡಲಿಲ್ಲ. ಸಾಯುವಷ್ಟು ದುಃಖವಾಗಿದೆ ಎಂದು ಮೂವರು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದನು, ಇಲ್ಲೇ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರೋ ನಿದ್ದೆ ಹೋದರು. (ಮನೆಯವರೂ ಹಾಗೆಯೇ, ಪ್ರೀತಿ ಇಲ್ಲದೆ ಅಲ್ಲ, ದಣಿದು.) ಇನ್ನು, ಮೊಣಕಾಲೂರಿದರೆ ಸೂತ್ರಗಳು ಬರುತ್ತವೆ ಎಂದೆಯಲ್ಲ, ಬರಲಿ. ಸೂತ್ರಗಳನ್ನೇ ಹೇಳು. ಬೈಬಲಿನ 88ನೇ ಕೀರ್ತನೆಯನ್ನು ತೆರೆದು ನೋಡು. ಅದು ಗೋಳಿನಿಂದ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯವೂ ಇಲ್ಲ. ಆದರೂ ಅದು ಪ್ರಾರ್ಥನೆಯೇ.

ಈಗ ಗೋಡೆಯ ವಿಚಾರ. ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಅಂಥ ಕಾರ್ಡುಗಳಿಗೆ ವಾಕ್ಯ ಆರಿಸಿ ಪ್ರೆಸ್ಸಿಗೆ ಕಳಿಸುವವರಲ್ಲಿ ನಾನೂ ಒಬ್ಬ. ಡಿಸೆಂಬರ್ ಮೊದಲ ವಾರ ಕತ್ತರಿ ಹಿಡಿದು ಕೂರುತ್ತೇವೆ. ಮೂರು ಇಂಚಿನ ಕಾರ್ಡು, ಹಿಂದೆ ಗುಲಾಬಿಯ ಚಿತ್ರ, ಹಿಡಿಸುವುದು ಎರಡೇ ಸಾಲು. 88ನೇ ಕೀರ್ತನೆಯನ್ನು ಯಾರೂ ಆರಿಸುವುದಿಲ್ಲ. ‘ಆದರೆ’ಗಳನ್ನೂ ‘ಆದಕಾರಣ’ಗಳನ್ನೂ ತೆಗೆದುಹಾಕಿ ಸಿಹಿಯಾದ ನಡುಭಾಗವನ್ನು ಮಾತ್ರ ಉಳಿಸುತ್ತೇವೆ, ಹಲಸಿನ ತೊಳೆ ಬಿಡಿಸಿದ ಹಾಗೆ. ಬಾಲ–ತಲೆಯ ವಾಕ್ಯಕ್ಕಂತೂ ಪ್ರತಿ ವರ್ಷ ಬಹಳ ಬೇಡಿಕೆ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗಳಲ್ಲಿ ಅದನ್ನು ರ‍್ಯಾಂಕಿನ ವಾಗ್ದಾನವೆಂದೇ ಓದುತ್ತಾರೆ ಎಂಬುದು ಗೊತ್ತಿದ್ದೂ ಸುಮ್ಮನಿದ್ದೆ.

ಅದು ಬೈಬಲಿನ ಧರ್ಮೋಪದೇಶಕಾಂಡ 28ನೇ ಅಧ್ಯಾಯದ 13ನೇ ವಚನ. ಅಲ್ಲಿ ಮಾತು ಒಬ್ಬ ವಿದ್ಯಾರ್ಥಿನಿಯ ಜೊತೆಗಲ್ಲ, ಹೊಸ ನೆಲಕ್ಕೆ ಕಾಲಿಡಲಿರುವ ಇಡೀ ಇಸ್ರಾಯೇಲ್ ಜನಾಂಗದ ಜೊತೆಗೆ. ಮೇಲಿನಿಂದ ಓದುತ್ತಾ ಬಾ. ಹೊಲದ ಬೆಳೆ, ದನಕರು, ಪುಟ್ಟಿ, ಹಿಟ್ಟು ನಾದುವ ಪಾತ್ರೆ. 12ನೇ ವಚನದಲ್ಲಿ ಹೊತ್ತಿಗೆ ಸರಿಯಾಗಿ ಮಳೆ, ಕೈಹಾಕಿದ ಕೆಲಸಕ್ಕೆ ಆಶೀರ್ವಾದ, ಆಮೇಲೆ ನೀನು ಸಾಲ ಕೊಡುವೆಯೇ ಹೊರತು ಸಾಲ ಮಾಡುವುದಿಲ್ಲ ಎಂಬ ಮಾತು. ಅದರ ಬೆನ್ನಿಗೇ ತಲೆ ಮತ್ತು ಬಾಲ. ಅದೇ ಅಧ್ಯಾಯದ 44ನೇ ವಚನದಲ್ಲಿ ಆ ಮಾತು ತಿರುಗುಮುರುಗಾಗಿ ಬರುವಾಗಲೂ ಜೊತೆಗಿರುವುದು ಸಾಲವೇ. ಸಾಲ ಕೊಟ್ಟವನು ತಲೆ, ಸಾಲ ಮಾಡಿದವನು ಬಾಲ. ಅಂಕಪಟ್ಟಿಯ ಸುಳಿವೇ ಅಲ್ಲಿಲ್ಲ. ನಿನ್ನ ಗೋಡೆಯ ಮೇಲೆ ತಿಂಗಳಿಂದ ಅಂಟಿಕೊಂಡಿರುವುದು ನಿನ್ನ ಚಿಂತೆಯಲ್ಲ ಮಗಳೇ, ನಿನ್ನ ಅಪ್ಪನದು.

2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊದ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಇಡೀ ಜಿಲ್ಲೆಗೇ ಕಣ್ಣು ಕುಕ್ಕಿತ್ತು. ಆಮೇಲೆ ಬಿಡಿಸಿದ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದವರನ್ನು ನೀನೂ ಬಸ್ಸಿನ ಕಿಟಕಿಯಿಂದ ನೋಡಿರುತ್ತೀಯ. ಅಪ್ಪನ ಮೌನವನ್ನು ನಿನ್ನ ಅಂಕಗಳ ಮೇಲಿನ ಸಿಟ್ಟು ಎಂದು ನೀನು ಓದಿಕೊಂಡಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಮಗಳ ಮುಂದೆ ಸೋತವನಾಗಿ ನಿಲ್ಲಲಾರದ ಗಂಡಸಿನ ಮೌನ ಅದು. ನಾನು ಅಂಥದ್ದನ್ನು ಹತ್ತಿರದಿಂದ ಬಲ್ಲೆ. ಪಿಯುಸಿ ಗಣಿತದಲ್ಲಿ ನಾನು ಫೇಲಾದ ವರ್ಷ ಅಪ್ಪನೂ ನಾನೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆವು. ಕ್ರಿಸ್ಮಸ್ ಕಳೆದ ಅವರೆಕಾಯಿಯ ಕಾಲ. ಅವ್ವ ನೆನೆಸಿಟ್ಟ ಕಾಳನ್ನು ಹಿತುಕುವುದಕ್ಕೆ ಇಬ್ಬರನ್ನೂ ಒಂದೇ ಪಾತ್ರೆಯ ಮುಂದೆ ಕೂರಿಸಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಕಣ್ಣು ಕೆಳಗೇ ಇರಬೇಕು. ಅರ್ಧ ಪಾತ್ರೆ ಮುಗಿದ ಮೇಲೆ ಅಪ್ಪ ತಲೆ ಎತ್ತದೆ, “ನಾನೂ ಎಸ್ಸೆಸ್ಸೆಲ್ಸಿ ಲೆಕ್ಕವನ್ನು ಎರಡು ಸಲ ಕಟ್ಟಿದವನೇ” ಎಂದರು. ನಮ್ಮ ಮನೆಯಲ್ಲಿ ಆ ವರ್ಷ ನಡೆದ ಕುಟುಂಬ ಪ್ರಾರ್ಥನೆಗಳಲ್ಲೆಲ್ಲ ನನಗೆ ನೆನಪಿರುವುದು ಅದೊಂದೇ.

ಅಮ್ಮನ ಮೇಲೆ ಸಿಟ್ಟಾಗಬೇಡ. ಕೈಯಲ್ಲಿ ಬೇರೇನೂ ಇಲ್ಲದವರು ಉಪವಾಸವನ್ನು ಹಿಡಿದುಕೊಳ್ಳುತ್ತಾರೆ. ಆದರೆ ಪ್ರಾರ್ಥನೆಯನ್ನು ಅಂಕದ ತಕ್ಕಡಿಗೆ ಹಾಕುವುದು ಸರಿಯಲ್ಲ, ಇದನ್ನು ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕೆಂಬ, ಪೌಲನ ಪತ್ರದ ಕೊಲೊಸ್ಸೆ 3:20 ನಮ್ಮ ಎಲ್ಲ ಮನೆಗಳಲ್ಲೂ ಬಾಯಿಪಾಠ. ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬೇಡಿ ಎಂಬ 21ನೇ ವಚನವನ್ನು ನಾನು ಯಾವ ಕಾರ್ಡಿನಲ್ಲೂ ಅಚ್ಚು ಹಾಕಿಸಿಲ್ಲ. ಬರುವ ಡಿಸೆಂಬರಿನಲ್ಲಿ ಹಾಕಿಸುತ್ತೇನೆ.

ಪರೀಕ್ಷೆಯ ಬಗ್ಗೆ ಎರಡು ಮಾತು ಸಾಕು. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ನೀಟ್ ಅನ್ನು ಇಷ್ಟೇ ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. ಭೌತಶಾಸ್ತ್ರವನ್ನು ರಾತ್ರಿ ಹನ್ನೊಂದರ ಮೇಲೆ ಮುಟ್ಟಬೇಡ. ನಿದ್ದೆಗೆಟ್ಟ ತಲೆಗೆ ನ್ಯೂಟನ್ನನೂ ಒಗ್ಗುವುದಿಲ್ಲ, ಪೌಲನೂ ಒಗ್ಗುವುದಿಲ್ಲ.

ಕಾರ್ಡನ್ನು ಗೋಡೆಯಿಂದ ಬಿಡಿಸಿಕೊಂಡು, ಇಂದು ಸಂಜೆ ಅಪ್ಪ ಖಾಲಿ ಬಾಕ್ಸುಗಳನ್ನು ಜೋಡಿಸುತ್ತಲೋ ಡ್ರಿಪ್ ಪೈಪು ಸುತ್ತುತ್ತಲೋ ಇರುವಾಗ ಪಕ್ಕದಲ್ಲಿ ಹೋಗಿ ಕೂರು, ನೀನೂ ಒಂದು ತುದಿ ಹಿಡಿದುಕೋ. ಬೈಬಲನ್ನೂ ತೆಗೆದುಕೊಂಡು ಹೋಗು. 12ನೇ ವಚನದಿಂದ ಶುರುಮಾಡು. ಅಕ್ಷರ ಚಿಕ್ಕದು, ಕನ್ನಡಕ ಒಳಗಿರುತ್ತದೆ, ನೀನೇ ಓದಿ ಹೇಳು.